ಗೋಡೆಯ ಮೇಲೆ ಐದು ಅಂಕಿ: ಸಂಸ್ಥೆಯ ಕೆಲಸ ಅಳೆಯುವುದು, ಸುಧಾರಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ, ರೈತರೇ ಷೇರುದಾರರಾಗಿರುವ ನಮ್ಮ ರೈತ ಉತ್ಪಾದಕ ಕಂಪನಿಯ ವಾರ್ಷಿಕ ಸಭೆ ನಡೆದಿತ್ತು. ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಒಂದು ಊರಿನ ಸಮುದಾಯ ಭವನ. ನಾನು ಲೆಕ್ಕಪತ್ರ ಓದಿ ಮುಗಿಸಿದೆ. ಇಷ್ಟು ವಹಿವಾಟು, ಇಷ್ಟು ಖರ್ಚು, ಇಷ್ಟು ಲಾಭ. ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಎದ್ದು ನಿಂತರು. "ಲಾಭ ಆಗ್ಯಾದ ಅಂತೀರಿ, ಛಲೋ ಆಯ್ತು. ಮತ್ತ ನಮ್ಮೂರಾಗಿನ ಅರ್ಧ ಮಂದಿ ಸದಸ್ಯರು ತೊಗರಿ ಗಂಜಿಗೇ ಯಾಕ ಒಯ್ಲತ್ತಾರ?"

ಗಂಜ್ ಅಂದರೆ ನಮ್ಮ ಕಡೆ ದಲ್ಲಾಳಿಗಳು ಕಾಳು ಕೊಳ್ಳುವ ಮಾರುಕಟ್ಟೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಯಲ್ಲಿದ್ದ ವರದಿಯಲ್ಲಿ ಹದಿನಾಲ್ಕು ಪುಟ ಅಂಕಿಗಳಿದ್ದವು. ಆದರೆ ಎಷ್ಟು ಸದಸ್ಯರು ನಮಗೆ ತೊಗರಿ ಕೊಟ್ಟರು, ಎಷ್ಟು ಜನ ಕೊಡಲಿಲ್ಲ, ಯಾಕೆ ಕೊಡಲಿಲ್ಲ ಅನ್ನುವುದು ಒಂದು ಸಾಲಿನಲ್ಲೂ ಇರಲಿಲ್ಲ. ನಾವು ಅಳೆದದ್ದೆಲ್ಲ ಆಡಿಟರ್‌ಗೆ ಬೇಕಾದದ್ದು, ಬ್ಯಾಂಕಿಗೆ ಬೇಕಾದದ್ದು, ಇಲಾಖೆಗೆ ಬೇಕಾದದ್ದು. ನಮಗೆ ಬೇಕಾದದ್ದನ್ನು ಅಳೆದೇ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ದಾಲ್ ಮಿಲ್ ಇರಬಹುದು, ಸಹಕಾರ ಸಂಘ ಇರಬಹುದು, ಮಹಿಳಾ ಸಂಘ, ಶಾಲೆ ಅಥವಾ ಸಣ್ಣ ಆಸ್ಪತ್ರೆ ಇರಬಹುದು. ದಾರಿ ಹೆಚ್ಚುಕಡಿಮೆ ಒಂದೇ.

ಮೊದಲು ಒಂದು ವಾಕ್ಯ ಬರೆಯಿರಿ

ಅಳತೆಗೆ ಕೈ ಹಾಕುವ ಮೊದಲು ಸಂಸ್ಥೆ ಯಾರಿಗಾಗಿ ಇದೆ, ಅವರಿಗೆ ಏನು ಮಾಡಿಕೊಡುತ್ತದೆ, ಏನನ್ನು ಮಾಡುವುದಿಲ್ಲ ಅನ್ನುವುದು ಒಂದು ವಾಕ್ಯದಲ್ಲಿ ಬರಬೇಕು. ಇದನ್ನು ಬಿಟ್ಟು ನೇರವಾಗಿ ಎಕ್ಸೆಲ್ ತೆರೆದು ಕೂತರೆ ಸುಲಭವಾಗಿ ಸಿಗುವ ಅಂಕಿಗಳಷ್ಟೇ ತುಂಬಿಕೊಳ್ಳುತ್ತವೆ. ಬೇಕಾದವು ಬರುವುದಿಲ್ಲ.

ವಾಕ್ಯ ಹೊರಡಿಸಲು ನಮಗೆ ನೆರವಾದದ್ದು ಒಂದು ಪ್ರಶ್ನೆ: ಮೂರು ವರ್ಷದ ಮೇಲೆ ನಮ್ಮ ಕಂಪನಿ ಬಾಗಿಲು ಹಾಕಿದರೆ ಯಾರಿಗೆ, ಏನು ತೊಂದರೆ ಆಗುತ್ತದೆ? ಪ್ರತಿ ನಿರ್ದೇಶಕರಿಗೂ ಒಂದು ಚೀಟಿ ಕೊಟ್ಟು, ಒಬ್ಬರದನ್ನು ಒಬ್ಬರು ನೋಡದಂತೆ ಬರೆಯಲು ಹೇಳಿದೆವು. ಹತ್ತು ಚೀಟಿಯಲ್ಲಿ ಏಳು ಬೇರೆ ಬೇರೆ ಉತ್ತರ ಬಂದವು. ಒಬ್ಬರು ಗೊಬ್ಬರ ಅಂದರು, ಒಬ್ಬರು ಟ್ರ್ಯಾಕ್ಟರ್ ಬಾಡಿಗೆ ಅಂದರು, ಒಬ್ಬರು ಬೇಳೆ ಅಂದರು. ಇಷ್ಟು ವರ್ಷ ಒಂದೇ ಮೇಜಿನ ಸುತ್ತ ಕೂತವರು ಏಳು ಬೇರೆ ಸಂಸ್ಥೆಗಳನ್ನು ನಡೆಸುತ್ತಿದ್ದರು ಅನ್ನುವುದು ಅವತ್ತು ಗೊತ್ತಾಯಿತು.

ಮೂರು ವರ್ಷ ಅಂತ ಹಿಡಿಯಲು ಕಾರಣ ಇದೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಅದರಲ್ಲಿ ಸಂಸ್ಥೆಯ ನಿರ್ವಹಣೆ ಖರ್ಚಿಗೆ ಮೂರು ವರ್ಷದಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ಸಿಗುತ್ತದೆ. ಆಮೇಲೆ ಮ್ಯಾನೇಜರ್ ಸಂಬಳ, ಆಫೀಸ್ ಬಾಡಿಗೆ, ಕರೆಂಟ್ ಬಿಲ್ಲು ಎಲ್ಲವೂ ಸ್ವಂತ ದುಡಿಮೆಯಿಂದ ಬರಬೇಕು. ಅನುದಾನ ನಿಂತ ಮೇಲೆ ಸಂಸ್ಥೆ ನಿಲ್ಲುತ್ತದೋ ಬೀಳುತ್ತದೋ ಅನ್ನುವುದು ಈ ಮೂರು ವರ್ಷದಲ್ಲೇ ತೀರ್ಮಾನವಾಗಿರುತ್ತದೆ.

ಎರಡು ಸಭೆ ಜಗಳವಾಡಿ ನಾವು ಬರೆದ ವಾಕ್ಯ ಇದು: "ಸದಸ್ಯರ ತೊಗರಿಯನ್ನು ಸರಿಯಾದ ತೂಕಕ್ಕೆ ಕೊಂಡು, ಬೇಗ ದುಡ್ಡು ಕೊಟ್ಟು, ಒಳ್ಳೆ ಬೇಳೆ ಮಾಡಿ ನೇರವಾಗಿ ಅಂಗಡಿಗೆ ಮಾರುತ್ತೇವೆ; ಎರಡು ವರ್ಷ ಹೆಸರು, ಉದ್ದಿನ ವ್ಯಾಪಾರಕ್ಕೆ ಹೋಗುವುದಿಲ್ಲ." ಕೊನೆಯ ಭಾಗ ಬರೆಯಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಬೇಡ ಅನ್ನುವುದು ಕಷ್ಟ. ಆದರೆ ಬೇಡ ಅನ್ನುವುದು ಒಂದೂ ಇಲ್ಲದಿದ್ದರೆ ಅದು ಬರೀ ಆಸೆಗಳ ಪಟ್ಟಿ, ಅದಕ್ಕೆ ಕಾರ್ಯತಂತ್ರ ಅನ್ನುವ ಹೆಸರು ಸಲ್ಲುವುದಿಲ್ಲ.

ವಾಕ್ಯದಿಂದ ಅಂಕಿಗೆ

ಈಗ ಆ ವಾಕ್ಯವನ್ನು ತುಂಡು ಮಾಡಿ. ಪ್ರತಿ ತುಂಡಿಗೂ "ಇದು ಆಗುತ್ತಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅಂತ ಕೇಳಿ. ಬೇಗ ದುಡ್ಡು ಅಂದರೆ ಎಷ್ಟು ದಿನ? ಒಳ್ಳೆ ಬೇಳೆ ಅಂದರೆ ಯಾರು ಹೇಳಬೇಕು? ಉತ್ತರಗಳೇ ನಿಮ್ಮ ಅಳತೆಗಳು.

ಒಂದೇ ಕಡೆ ವಾಲದಂತೆ ನೋಡಿಕೊಳ್ಳಲು ಒಂದು ಹಳೆಯ ಚೌಕಟ್ಟು ಇದೆ. 1992ರಲ್ಲಿ ಅಮೆರಿಕದ ರಾಬರ್ಟ್ ಕ್ಯಾಪ್ಲನ್ ಮತ್ತು ಡೇವಿಡ್ ನಾರ್ಟನ್ ಮುಂದಿಟ್ಟ ಬ್ಯಾಲೆನ್ಸ್‌ಡ್ ಸ್ಕೋರ್‌ಕಾರ್ಡ್. ಅವರು ಹೇಳಿದ್ದು ಸರಳ. ಬರೀ ದುಡ್ಡಿನ ಲೆಕ್ಕ ನೋಡಬೇಡಿ, ನಾಲ್ಕು ಕಡೆಯಿಂದ ನೋಡಿ: ದುಡ್ಡು, ಗಿರಾಕಿ, ಒಳಗಿನ ಕೆಲಸ, ಕಲಿಕೆ. ದುಡ್ಡಿನ ಲೆಕ್ಕ ಮುಗಿದುಹೋದದ್ದನ್ನು ಹೇಳುತ್ತದೆ, ಉಳಿದ ಮೂರು ಮುಂದೆ ಬರುವುದನ್ನು ಹೇಳುತ್ತವೆ. ನನ್ನ ಪ್ರಕಾರ ಸದಸ್ಯರೇ ಮಾಲೀಕರಾಗಿರುವ ಸಂಸ್ಥೆಗಳಲ್ಲಿ ಇದಕ್ಕೆ ಐದನೆಯದೊಂದನ್ನು ಸೇರಿಸಬೇಕು, ಅದು ಸದಸ್ಯರು. ಮತ್ತು ಅದನ್ನು ಎಲ್ಲಕ್ಕಿಂತ ಮೇಲಿಡಬೇಕು. ನಮ್ಮಲ್ಲಿ ರೈತ ಮಾಲು ಕೊಡುವವನೂ ಹೌದು, ಷೇರುದಾರನೂ ಹೌದು. ಅವನು ಹೋದರೆ ಗಿರಣಿಗೆ ಹಾಕಲು ಕಾಳೇ ಇರುವುದಿಲ್ಲ.

ಮೊದಲ ಸುತ್ತಿನಲ್ಲಿ ನಮ್ಮ ಪಟ್ಟಿಯಲ್ಲಿ 26 ಅಂಕಿ ಬಂದವು. ಅದನ್ನು ಜಾಲಿಸಿದ್ದು ಒಂದೇ ಪ್ರಶ್ನೆಯಿಂದ: ಈ ಅಂಕಿ ಕೆಳಗೆ ಬಿದ್ದರೆ ಮುಂದಿನ ಸೋಮವಾರ ಯಾರು ಏನನ್ನು ಬೇರೆ ರೀತಿ ಮಾಡುತ್ತಾರೆ? ಯಾರೂ ಏನೂ ಮಾಡುವುದಿಲ್ಲ ಅಂದರೆ ಆ ಅಂಕಿ ಗೋಡೆಗೆ ಬೇಡ. ಇಲಾಖೆ ಕೇಳಿದಾಗ ಕೊಡಲು ಫೈಲಿನಲ್ಲಿ ಇರಲಿ. ಹೀಗೆ ಉಳಿದವು ಐದು.

ಒಂದು, ಈ ಹಂಗಾಮಿನಲ್ಲಿ ನೂರು ಸದಸ್ಯರಲ್ಲಿ ಎಷ್ಟು ಜನ ನಮಗೆ ತೊಗರಿ ಕೊಟ್ಟರು. ಎರಡು, ಕಾಟಾದ ಮೇಲೆ ಚೀಲ ಇಟ್ಟ ದಿನದಿಂದ ರೈತನ ಖಾತೆಗೆ ದುಡ್ಡು ಬಿದ್ದ ದಿನದವರೆಗೆ ಎಷ್ಟು ದಿನ. ಮೂರು, ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಕಿಲೋ ಬೇಳೆ. ನಾಲ್ಕು, ಅಂಗಡಿಗಳಿಂದ ವಾಪಸ್ ಬಂದ ಚೀಲ ಎಷ್ಟು. ಐದು, ಇವತ್ತಿನಿಂದ ಒಂದು ರೂಪಾಯಿ ಬಾರದಿದ್ದರೂ ಎಷ್ಟು ದಿನ ಸಂಬಳ, ಕರೆಂಟ್, ಸಾಲದ ಕಂತು ಕಟ್ಟಬಹುದು. ಕಲಿಕೆಯ ಕಡೆಯಿಂದ "ಆಪರೇಟರ್ ರಜೆ ಹಾಕಿದರೆ ಗಿರಣಿ ನಡೆಸಬಲ್ಲವರು ಎಷ್ಟು ಮಂದಿ" ಅನ್ನುವುದನ್ನು ಆರು ತಿಂಗಳಿಗೊಮ್ಮೆ ನೋಡುತ್ತೇವೆ. ಅದು ವಾರ ವಾರ ಬದಲಾಗುವುದಲ್ಲ.

ನಾಲ್ಕನೆಯದು ಸಣ್ಣದಾಗಿ ಕಾಣುತ್ತದೆ, ಅಲ್ವಾ? ಆದರೆ 2019ರಲ್ಲಿ ನಮ್ಮ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ (ಜಿಐ), ಅಂದರೆ ಇದು ಇದೇ ಊರಿನ ಮಾಲು ಅನ್ನುವ ಅಧಿಕೃತ ಗುರುತು ಸಿಕ್ಕಿದೆ. ಆ ಹೆಸರು ಹಾಕಿ ಮಾರಿದ ಚೀಲದಲ್ಲಿ ನುಚ್ಚು, ಸಿಪ್ಪೆ ಜಾಸ್ತಿ ಬಂದರೆ ಕೆಡುವುದು ನಮ್ಮ ಕಂಪನಿಯ ಹೆಸರು ಮಾತ್ರ ಅಲ್ಲ, ಇಡೀ ಜಿಲ್ಲೆಯದು.

ಅಂಕಿಯ ಅರ್ಥ ಬರೆದಿಡಿ

ಇಲ್ಲಿ ನಾವು ಎಡವಿದ್ದು ಬಹಳ. ಗಿರಣಿಯಲ್ಲಿ ಇಬ್ಬರು ಆಪರೇಟರ್‌ಗಳು. ಒಬ್ಬರ ಪಾಳಿಯಲ್ಲಿ ಕ್ವಿಂಟಲ್‌ಗೆ 74 ಕಿಲೋ ಬೇಳೆ, ಇನ್ನೊಬ್ಬರದರಲ್ಲಿ 70. ಎರಡನೆಯವರ ಕೆಲಸ ಸರಿ ಇಲ್ಲ ಅಂತ ಎಲ್ಲರೂ ಮಾತಾಡಿಕೊಂಡರು. ಒಂದು ದಿನ ಕೂತು ವಿಚಾರಿಸಿದರೆ, ಮೊದಲನೆಯವರು ಜರಡಿ ಹಿಡಿದು ಕಸ, ಕಲ್ಲು ತೆಗೆದ ಮೇಲಿನ ತೂಕಕ್ಕೆ ಲೆಕ್ಕ ಹಾಕುತ್ತಿದ್ದರು, ಎರಡನೆಯವರು ಚೀಲ ಬಿಚ್ಚಿದಾಗಿನ ತೂಕಕ್ಕೆ. ಮೊದಲನೆಯವರು ತುಂಡು ಬೇಳೆಯನ್ನೂ ಸೇರಿಸುತ್ತಿದ್ದರು. ಎರಡನೆಯವರು ಸೇರಿಸುತ್ತಿರಲಿಲ್ಲ. ಕೆಲಸ ಒಂದೇ ಥರ ಇತ್ತು, ಲೆಕ್ಕ ಬೇರೆ ಇತ್ತು. ಒಬ್ಬ ಒಳ್ಳೆ ಕೆಲಸಗಾರನಿಗೆ ತಿಂಗಳುಗಟ್ಟಲೆ ಅನ್ಯಾಯವಾಗಿತ್ತು.

ಹಾಗಾಗಿ ಪ್ರತಿ ಅಂಕಿಗೂ ಅರ್ಧ ಪುಟ ಬರೆಯಿರಿ. ಏನನ್ನು ಎಣಿಸಬೇಕು, ಏನನ್ನು ಬಿಡಬೇಕು, ಯಾವ ಹೊತ್ತಿಗೆ, ಯಾರು, ಯಾವ ಪುಸ್ತಕದಲ್ಲಿ. ದುಡ್ಡಿನ ದಿನ ಎಣಿಸುವಾಗ ಭಾನುವಾರ ಲೆಕ್ಕಕ್ಕೆ ಬರುತ್ತದಾ? ನಮ್ಮಲ್ಲಿ ಬರುತ್ತದೆ. ರೈತನಿಗೆ ಭಾನುವಾರವೂ ಖರ್ಚು ಇರುತ್ತದೆ.

ಸರಾಸರಿಯ ಬಗ್ಗೆಯೂ ಒಂದು ಮಾತು. ಹತ್ತು ರೈತರಲ್ಲಿ ಒಂಬತ್ತು ಜನಕ್ಕೆ 4 ದಿನದಲ್ಲಿ, ಒಬ್ಬರಿಗೆ 44 ದಿನದಲ್ಲಿ ದುಡ್ಡು ಬಂದರೆ ಸರಾಸರಿ 8 ದಿನ. ಆ 8 ಯಾರ ಅನುಭವವೂ ಅಲ್ಲ. ಊರಲ್ಲಿ ಮಾತು ಹಬ್ಬುವುದು 44 ದಿನ ಕಾದವನಿಂದ. ಅದಕ್ಕೆ ನಾವು ಎರಡು ಬರೆಯುತ್ತೇವೆ: ಅರ್ಧ ಜನಕ್ಕೆ ಎಷ್ಟು ದಿನದೊಳಗೆ ಬಂತು, ಎಲ್ಲಕ್ಕಿಂತ ತಡ ಯಾರಿಗೆ, ಎಷ್ಟು ದಿನ.

ಎಲ್ಲಿಂದ ಹೊರಟಿರಿ ಅನ್ನುವುದು ಗುರುತಿರಲಿ

ಗುರಿ ಇಡುವ ಮೊದಲು ಕನಿಷ್ಠ ಎರಡು ತಿಂಗಳು ಸುಮ್ನೆ ಅಳೆಯಿರಿ. ಏನನ್ನೂ ಬದಲಿಸಬೇಡಿ. ಹೊರಟ ಜಾಗ ಗೊತ್ತಿಲ್ಲದೆ ಮೇಲಿನವರು "20% ಜಾಸ್ತಿ ಮಾಡಿ" ಅಂದರೆ ಅದಕ್ಕೆ ತಳಬುಡ ಇರುವುದಿಲ್ಲ.

ಇದಕ್ಕೆ ನಮ್ಮ ಪಕ್ಕದ ಯಾದಗಿರಿಯಲ್ಲೇ ಉದಾಹರಣೆ ಇದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಆಶೋತ್ತರ ಜಿಲ್ಲೆಗಳ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕದಿಂದ ಅದರಲ್ಲಿ ಸೇರಿದ್ದು ಯಾದಗಿರಿ ಮತ್ತು ರಾಯಚೂರು. ಆರೋಗ್ಯ ಮತ್ತು ಪೌಷ್ಟಿಕತೆ, ಶಿಕ್ಷಣ, ಕೃಷಿ ಮತ್ತು ನೀರು, ಹಣಕಾಸು ಸೇವೆ ಮತ್ತು ಕೌಶಲ, ಮೂಲಸೌಕರ್ಯ ಅಂತ ಐದು ವಿಷಯದಲ್ಲಿ 49 ಸೂಚಕಗಳನ್ನು ನೀತಿ ಆಯೋಗ ನೋಡುತ್ತದೆ. ನನಗೆ ಅದರಲ್ಲಿ ಹಿಡಿಸಿದ್ದು ರ‍್ಯಾಂಕ್ ಕೊಡುವ ರೀತಿ. ಡೆಲ್ಟಾ ರ‍್ಯಾಂಕಿಂಗ್ ಅನ್ನುತ್ತಾರೆ. ಜಿಲ್ಲೆ ಎಷ್ಟು ಎತ್ತರದಲ್ಲಿದೆ ಅಂತಲ್ಲ, ತಾನು ನಿಂತಿದ್ದ ಜಾಗದಿಂದ ಎಷ್ಟು ಮೇಲೆ ಬಂತು ಅಂತ ನೋಡುವುದು. ಯಾದಗಿರಿಯನ್ನು ಬೆಂಗಳೂರಿನ ಪಕ್ಕ ನಿಲ್ಲಿಸಿದರೆ ಯಾವ ಅಧಿಕಾರಿಗೂ ಕೆಲಸ ಮಾಡುವ ಹುರುಪು ಬರುವುದಿಲ್ಲ. ನಿನ್ನೆಯ ಯಾದಗಿರಿಯ ಪಕ್ಕ ನಿಲ್ಲಿಸಿದರೆ ಬರುತ್ತದೆ. ನಿಮ್ಮ ಸಂಸ್ಥೆಯಲ್ಲೂ ಹೀಗೇ ಮಾಡಿ. ನಮ್ಮ ಒಂದು ಊರಿನ ಶಾಖೆಯಲ್ಲಿ ಮಾಲು ಕೊಡುವ ಸದಸ್ಯರು ನೂರಕ್ಕೆ 18 ಇದ್ದದ್ದು 31 ಆಯಿತು, ಇನ್ನೊಂದರಲ್ಲಿ 62 ಇದ್ದದ್ದು 60ಕ್ಕೆ ಇಳಿಯಿತು. ಹಳೆ ರೀತಿಯಲ್ಲಿ ಎರಡನೆಯವರಿಗೆ ಸನ್ಮಾನ ಆಗುತ್ತಿತ್ತು.

49 ಸೂಚಕ ಜಿಲ್ಲೆಗೆ ಸರಿ. ಹತ್ತು ಜನ ಕೆಲಸ ಮಾಡುವ ಕಡೆ ಅದನ್ನು ನಕಲು ಮಾಡಬೇಡಿ.

ಕೊನೆಯಲ್ಲಿ ಗೊತ್ತಾಗುವ ತಪ್ಪು ದುಬಾರಿ

ಬೀದರಿನ ಬಿದರಿ ಕೆಲಸ ನೋಡಿದ್ದೀರಾ? ಸತುವು ಮತ್ತು ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಮೈ ನುಣುಪು ಮಾಡುತ್ತಾರೆ, ಚಿತ್ತಾರ ಕೊರೆಯುತ್ತಾರೆ, ಬೆಳ್ಳಿ ತಂತಿ ಕೂರಿಸುತ್ತಾರೆ. ಎಲ್ಲಕ್ಕೂ ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿದಾಗ ಲೋಹ ಕಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ತಪ್ಪೂ ಆಗಲೇ ಎದ್ದು ಕಾಣುತ್ತದೆ. ಆದರೆ ಅಷ್ಟು ಹೊತ್ತಿಗೆ ಹಲವು ದಿನದ ಕೈಕೆಲಸ ಮುಗಿದಿರುತ್ತದೆ. ಒಂದು ಬಿದರಿ ಕಾರ್ಖಾನೆ "ತಿಂಗಳಿಗೆ ಎಷ್ಟು ಹೂದಾನಿ ಕೆಟ್ಟವು" ಅಂತ ಮಾತ್ರ ಎಣಿಸಿದರೆ ತಿಂಗಳ ಕೊನೆಗೆ ದುಃಖ ಪಡಬಹುದು, ಅಷ್ಟೇ. ಎರಕದ ಮೈಯಲ್ಲಿ ತೂತು ಇದೆಯೇ, ಕೊರೆದ ಗೆರೆ ಸಾಕಷ್ಟು ಆಳ ಇದೆಯೇ ಅಂತ ತಂತಿ ಕೂರಿಸುವ ಮೊದಲೇ ನೋಡಿ ಗುರುತು ಹಾಕಿದರೆ ಬೆಳ್ಳಿಯೂ ಉಳಿಯುತ್ತದೆ, ದಿನಗಳೂ ಉಳಿಯುತ್ತವೆ.

ಅಂಕಿಗಳಲ್ಲಿ ಎರಡು ಬಗೆ. ಲಾಭ, ವಹಿವಾಟು, ವಾರ್ಷಿಕ ಫಲಿತಾಂಶ ಇವೆಲ್ಲ ಕೊನೆಯಲ್ಲಿ ಬರುವವು. ದುಡ್ಡಿನ ದಿನ, ಕಾಳಿನ ತೇವಾಂಶ, ಶಾಲೆಯಾದರೆ ಮಕ್ಕಳ ಹಾಜರಾತಿ, ಆಸ್ಪತ್ರೆಯಾದರೆ ಚೀಟಿ ಮಾಡಿಸಿದ ರೋಗಿ ಡಾಕ್ಟರ ಮುಂದೆ ಕೂರುವವರೆಗಿನ ನಿಮಿಷಗಳು ಮುಂಚೆ ಬರುವವು. ಗೋಡೆಯ ಮೇಲೆ ಮುಂಚೆ ಬರುವವೇ ಜಾಸ್ತಿ ಇರಲಿ.

ಅಂಕಿ ಜನರನ್ನು ಎಲ್ಲಿಗೆ ತಳ್ಳುತ್ತದೆ?

ಒಂದು ರೊಟ್ಟಿ ಕೇಂದ್ರದ ಅಕ್ಕಂದಿರ ಜೊತೆ ಕೆಲವು ದಿನ ಲೆಕ್ಕದ ಕೆಲಸ ಮಾಡಿದ್ದೆ. ದಿನಕ್ಕೆ ಎಷ್ಟು ಜೋಳದ ರೊಟ್ಟಿ ಅನ್ನುವ ಒಂದೇ ಅಂಕಿಯನ್ನು ಬೋರ್ಡಿನಲ್ಲಿ ಬರೆಯುತ್ತಿದ್ದರು. ಸಂಖ್ಯೆ ಏರಿತು. ಜೊತೆಗೆ ರೊಟ್ಟಿ ನಡುವೆ ದಪ್ಪ, ಅಂಚು ತೆಳು ಆಗತೊಡಗಿತು, ಒಣಗಿಸಿದ ಕಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲೇ ಮುರಿಯತೊಡಗಿತು. ಅಕ್ಕಂದಿರ ತಪ್ಪೇನಿಲ್ಲ. ಬೋರ್ಡು ಕೇಳಿದ್ದನ್ನು ಅವರು ಕೊಟ್ಟರು.

1975ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯ ವಿಷಯದಲ್ಲಿ ಹೇಳಿದ ಒಂದು ಮಾತು ಈಗ ಅವರ ಹೆಸರಿನ ನಿಯಮವೇ ಆಗಿದೆ. ಅಳತೆಯನ್ನೇ ಗುರಿ ಮಾಡಿದರೆ ಅದು ಅಳತೆಯಾಗಿ ಕೆಲಸಕ್ಕೆ ಬಾರದು ಅನ್ನುವುದು ಅದರ ಸಾರ. ರೈತ ಉತ್ಪಾದಕ ಸಂಸ್ಥೆಗಳಲ್ಲಿ ಇದು ಕಣ್ಣ ಮುಂದೆಯೇ ಇದೆ. ಯೋಜನೆಯ ಪ್ರಕಾರ ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರು ಬೇಕು. 300 ಹೆಸರು ತುಂಬುತ್ತದೆ, ಷೇರು ದುಡ್ಡೂ ಬರುತ್ತದೆ. ಮಾಲು ಕೊಡುವವರು ಮಾತ್ರ 60 ಇರುತ್ತಾರೆ. ಅದಕ್ಕೇ ನಾವು ಸದಸ್ಯರ ಸಂಖ್ಯೆಯನ್ನು ಗೋಡೆಯಿಂದ ತೆಗೆದು ಮಾಲು ಕೊಟ್ಟವರ ಪಾಲು ಹಾಕಿದ್ದು.

ಇದಕ್ಕೆ ಮದ್ದು ಅಂಕಿಗಳನ್ನು ಜೋಡಿ ಮಾಡುವುದು. ರೊಟ್ಟಿ ಕೇಂದ್ರದಲ್ಲಿ ಎಷ್ಟು ರೊಟ್ಟಿ ಅನ್ನುವುದರ ಪಕ್ಕದಲ್ಲೇ ನೂರಕ್ಕೆ ಎಷ್ಟು ಮುರಿದವು ಅಂತ ಬರೆಯಲು ಶುರು ಮಾಡಿದರು. ನಮ್ಮಲ್ಲಿ ಕ್ವಿಂಟಲ್‌ಗೆ ಎಷ್ಟು ಬೇಳೆ ಅನ್ನುವುದರ ಜೋಡಿ ವಾಪಸ್ ಬಂದ ಚೀಲ. ಸಿಪ್ಪೆ ಉಳಿದ ಕಾಳನ್ನೂ ಬೇಳೆಗೆ ಸೇರಿಸಿ ಮೊದಲನೆಯದನ್ನು ಏರಿಸಿದರೆ ಎರಡನೆಯದು ತಾನೇ ಏರಿ ಹೇಳಿಬಿಡುತ್ತದೆ.

ಇನ್ನೊಂದು. ಮೊದಲ ವರ್ಷ ಯಾವ ಅಂಕಿಗೂ ಸಂಬಳ, ಬೋನಸ್ ಕಟ್ಟಬೇಡಿ. ಜನ ಅಂಕಿಯನ್ನು ನಂಬಬೇಕಾದರೆ ಅದಕ್ಕೆ ಹೆದರಬಾರದು. ಒಮ್ಮೆ ಬೇಳೆ 66ಕ್ಕೆ ಇಳಿದಾಗ ನಿರ್ದೇಶಕರೊಬ್ಬರು ಎಲ್ಲರ ಮುಂದೆ ಆಪರೇಟರ್‌ಗೆ ಬೈದರು. ಮುಂದಿನ ಮೂರು ವಾರ ಪುಸ್ತಕದಲ್ಲಿ ಪ್ರತಿ ದಿನ 71, 71, 71. ಕಾಳು ಬೇರೆ, ಹವಾಮಾನ ಬೇರೆ, ಅಂಕಿ ಮಾತ್ರ ಒಂದೇ. ಪಕ್ಕಕ್ಕೆ ಕರೆದು ಕೇಳಿದಾಗ ಅವರು ಹೇಳಿದರು: "ಬೈತಾರಂತ ಹೇಳಿ 71 ಬರದೀನ್ರಿ ಸಾಹೇಬ್ರ." ಮೂರು ವಾರದ ಲೆಕ್ಕ ಹೋಯಿತು. ಮುಂದಿನ ಸಭೆಯಲ್ಲಿ ಆ ನಿರ್ದೇಶಕರೇ ಆಪರೇಟರ್‌ಗೆ ಕ್ಷಮೆ ಕೇಳಿದರು. ಮರುದಿನದಿಂದ ನಿಜವಾದ ಅಂಕಿ ಬಂತು.

ಏರಿಳಿತ ಓದುವುದು

ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ. ದಿನಕ್ಕೊಂದು ಚುಕ್ಕಿ, ಕೈಯಿಂದಲೇ ಇಡಬೇಕು. ಆ ಕೆಲಸ ಮಾಡುವವರೇ ಇಡಬೇಕು. ಕಂಪ್ಯೂಟರ್‌ನಲ್ಲಿದ್ದರೆ ಮ್ಯಾನೇಜರ್ ಒಬ್ಬರೇ ನೋಡುತ್ತಾರೆ.

ಚುಕ್ಕಿಗಳು ಮೇಲೆ ಕೆಳಗೆ ಆಡುತ್ತವೆ. ಪ್ರತಿ ಆಟಕ್ಕೂ ಕಾರಣ ಹುಡುಕಲು ಹೋದರೆ ಹುಚ್ಚು ಹಿಡಿಯುತ್ತದೆ. 1924ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ಇದಕ್ಕೊಂದು ದಾರಿ ತೋರಿಸಿದರು. ಯಾವುದೇ ಕೆಲಸದಲ್ಲಿ ಸಹಜವಾದ ಏರಿಳಿತ ಇದ್ದೇ ಇರುತ್ತದೆ, ಅದನ್ನು ಬಿಟ್ಟು ಬೇರೆ ಕಾರಣದಿಂದ ಆದದ್ದನ್ನು ಮಾತ್ರ ಬೆನ್ನು ಹತ್ತಬೇಕು. ನಾವು ಗಣಿತ ಜಾಸ್ತಿ ಮಾಡುವುದಿಲ್ಲ. ಎರಡು ತಿಂಗಳ ಚುಕ್ಕಿಗಳ ನಡುವೆ ಒಂದು ಗೆರೆ ಎಳೆದಿದ್ದೇವೆ. ಒಂದು ಚುಕ್ಕಿ ಗುಂಪಿನಿಂದ ದೂರ ಬಿದ್ದರೆ ಅವತ್ತೇ ಕೇಳುತ್ತೇವೆ. ಸತತ 8 ಚುಕ್ಕಿ ಗೆರೆಯ ಒಂದೇ ಕಡೆ ಬಿದ್ದರೆ ಏನೋ ಬದಲಾಗಿದೆ ಅಂತ ತಿಳಿಯುತ್ತೇವೆ. ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ಎರಡು ನಿಯಮ ನಮಗೆ ಎರಡು ಬೇರೆ ರೋಗ ತೋರಿಸಿದವು. ತೊಗರಿಯ ಸಿಪ್ಪೆ ಮತ್ತು ಬೇಳೆಯ ನಡುವೆ ಅಂಟು ಇರುತ್ತದೆ. ಅದಕ್ಕೇ ಕಾಳಿನ ಮೈ ಗೀರಿ, ಎಣ್ಣೆ ಹಚ್ಚಿ, ಬಿಸಿಲಿಗೆ ಒಣಗಿಸಿ ಸಿಪ್ಪೆ ಸಡಿಲ ಮಾಡುವುದು. ಕಾಳಿನ ತೂಕದಲ್ಲಿ ಸಿಪ್ಪೆಯ ಪಾಲು ಸುಮಾರು 15%. ಅಂದರೆ ಹೆಚ್ಚೆಂದರೆ ನೂರಕ್ಕೆ 85 ಕಿಲೋ ಬೇಳೆ ಬರಬೇಕು. ಮಾಮೂಲಿ ಗಿರಣಿಗಳಲ್ಲಿ ಸಿಗುವುದು 70ರಿಂದ 75ರ ಸುತ್ತ. ಉಳಿದದ್ದು ನುಚ್ಚು, ಹಿಟ್ಟಾಗಿ ಹೋಗುತ್ತದೆ. ನಮ್ಮ ಚುಕ್ಕಿ ಒಂದೊಂದು ದಿನ ಧಪ್ ಅಂತ ಬೀಳುತ್ತಿದ್ದದ್ದು ಮೋಡ ಕವಿದ ದಿನಗಳ ನಂತರ. ಸರಿಯಾಗಿ ಒಣಗದ ಕಾಳಿಗೆ ಸಿಪ್ಪೆ ಬಿಡುವುದಿಲ್ಲ, ಎರಡನೇ ಸಲ ಹಾಕಬೇಕು, ಆಗ ಬೇಳೆ ಒಡೆಯುತ್ತದೆ. ಈಗ ಗಿರಣಿಗೆ ಸುರಿಯುವ ಮೊದಲು ತೇವಾಂಶ ನೋಡುತ್ತೇವೆ, ಜಾಸ್ತಿ ಇದ್ದರೆ ಅವತ್ತು ಆ ರಾಶಿ ಮುಟ್ಟುವುದಿಲ್ಲ. ಇನ್ನೊಂದು ಸಲ ಯಾವ ಚುಕ್ಕಿಯೂ ದೂರ ಬಿದ್ದಿರಲಿಲ್ಲ, ಆದರೆ ಎಂಟೂ ಚುಕ್ಕಿ ಗೆರೆಯ ಕೆಳಗೆ ಇದ್ದವು. ಕಾಳಿನ ಸಿಪ್ಪೆ ಉಜ್ಜಿ ತೆಗೆಯುವ ಒರಟು ಉರುಳೆ, ಎಮರಿ ರೋಲರ್, ಸವೆದಿತ್ತು. ಸವೆತ ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವುದಿಲ್ಲ. ಗ್ರಾಫಿನಲ್ಲಿ ಕಂಡಿತು.

ಒಂದು ಕಿಲೋ ಬೇಳೆಗೆ ಇಷ್ಟೊಂದು ಒದ್ದಾಟ ಯಾಕೆ ಅನ್ನುವವರಿಗೆ ಲೆಕ್ಕ ಇಲ್ಲಿದೆ. ದಿನಕ್ಕೆ 50 ಕ್ವಿಂಟಲ್ ಮಾಡುವ ಗಿರಣಿ ಹಿಡಿಯಿರಿ. ಬೇಳೆ ಕಿಲೋಗೆ 110 ರೂಪಾಯಿ, ನುಚ್ಚು 30 ರೂಪಾಯಿ ಅಂತ ಇಟ್ಟುಕೊಳ್ಳಿ. ಕ್ವಿಂಟಲ್‌ಗೆ ಒಂದು ಕಿಲೋ ನುಚ್ಚಾಗುವುದು ತಪ್ಪಿ ಬೇಳೆಯಾದರೆ ದಿನಕ್ಕೆ 50 ಕಿಲೋ, ಕಿಲೋಗೆ 80 ರೂಪಾಯಿ ವ್ಯತ್ಯಾಸ, ದಿನಕ್ಕೆ 4,000. 25 ದಿನಕ್ಕೆ ಒಂದು ಲಕ್ಷ.

ಗಂಜಿಗೆ ಯಾಕೆ ಹೋಗುತ್ತಿದ್ದರು

ಆ ಹಿರಿಯರ ಪ್ರಶ್ನೆಗೆ ವಾಪಸ್ ಬರುತ್ತೇನೆ. ನಾವೆಲ್ಲ ಅಂದುಕೊಂಡಿದ್ದು ದರ ಅಂತ. ಗಂಜಿನಲ್ಲಿ ನಾಲ್ಕು ಕಾಸು ಜಾಸ್ತಿ ಕೊಡುತ್ತಾರೆ, ಅದಕ್ಕೆ ಹೋಗುತ್ತಾರೆ ಅಂತ. ಊಹೆ ಬಿಟ್ಟು, ಮಾಲು ಕೊಡದ 40 ಸದಸ್ಯರ ಮನೆಗೆ ಹೋಗಿ ಕೇಳಿದೆವು. ದರ ಅಂದವರು ಕಡಿಮೆ. ಹೆಚ್ಚಿನವರು ಹೇಳಿದ್ದು ಒಂದೇ: ಅಡತಿಯಲ್ಲಿ, ಅಂದರೆ ಗಂಜಿನ ದಲ್ಲಾಳಿ ಅಂಗಡಿಯಲ್ಲಿ, ಅವತ್ತೇ ದುಡ್ಡು ಕೈಗೆ ಸಿಗುತ್ತದೆ, ನಿಮ್ಮಲ್ಲಿ ಎಷ್ಟು ದಿನವೋ. ಒಬ್ಬ ಅಕ್ಕ ನೇರವಾಗಿ ಅಂದರು: "ಮಗಳ ಮದಿವಿ ಇಟ್ಕೊಂಡು ನಿಮ್ಮ ಸಹಿಗೆ ಕಾಯ್ಲಿಕ್ಕೆ ಆಗ್ತದೇನ್ರಿ?"

ದಿನಗಳು ಎಲ್ಲಿ ಹೋಗುತ್ತಿವೆ ಅಂತ ಒಂದೇ ಒಂದು ಚೀಲದ ಹಿಂದೆ ಬಿದ್ದೆವು. ಸುಧಾರಣೆಯ ಕೆಲಸದಲ್ಲಿ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ. ಕಾಟಾದಲ್ಲಿ ತೂಕ, ಅರ್ಧ ಗಂಟೆ. ತೇವಾಂಶ, ಹತ್ತು ನಿಮಿಷ. ಚೀಟಿಯಿಂದ ಕಂಪ್ಯೂಟರ್‌ಗೆ, ಎರಡು ದಿನ, ಯಾಕೆಂದರೆ ಎಂಟ್ರಿ ಮಾಡುವ ಹುಡುಗ ಚೀಟಿಗಳನ್ನು ಒಟ್ಟು ಮಾಡಿಕೊಂಡು ವಾರಕ್ಕೆ ಮೂರು ಸಲ ಕೂರುತ್ತಿದ್ದ. ಎರಡು ಸಹಿ, ಆರರಿಂದ ಒಂಬತ್ತು ದಿನ, ಯಾಕೆಂದರೆ ಸಹಿ ಮಾಡುವ ಒಬ್ಬರು ಕಲಬುರಗಿಯಲ್ಲಿ ಇರುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಬ್ಯಾಂಕ್, ಒಂದು ದಿನ. ನಿಜವಾದ ಕೆಲಸ ಒಂದು ಗಂಟೆಯೂ ಇಲ್ಲ. ಉಳಿದದ್ದೆಲ್ಲ ಕಾಯುವುದು. ನಾವು ಅಲ್ಲಿಯವರೆಗೆ ಬಂಡವಾಳ ಸಾಲದು, ಸಾಲ ತೆಗೆಯಬೇಕು ಅಂತ ಬ್ಯಾಂಕಿಗೆ ಓಡಾಡುತ್ತಿದ್ದೆವು. ಬಂಡವಾಳವೂ ಬೇಕಿತ್ತು ನಿಜ, ಆದರೆ ಮೊದಲ ಅಡ್ಡಿ ಅದಾಗಿರಲಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದೆವು, ಯಾವುದರಿಂದ ಏನಾಯಿತು ಅಂತ ಗೊತ್ತಾಗಲಿ ಅಂತ. ಮೊದಲು ಎಂಟ್ರಿ ದಿನವೂ ಸಂಜೆ. ಎರಡು ವಾರ ನೋಡಿದೆವು, ಒಂದು ದಿನ ಉಳಿಯಿತು. ಆಮೇಲೆ ಮಂಡಳಿಯಲ್ಲಿ ಠರಾವು ಮಾಡಿ, ಸಹಿಯ ಅಧಿಕಾರವನ್ನು ಊರಲ್ಲೇ ಇರುವ ಇನ್ನೊಬ್ಬ ನಿರ್ದೇಶಕರಿಗೂ ಕೊಟ್ಟೆವು. ಅರ್ಧ ಜನಕ್ಕೆ 11 ದಿನದೊಳಗೆ ಬರುತ್ತಿದ್ದ ದುಡ್ಡು 3 ದಿನಕ್ಕೆ ಬಂತು. ಅದಕ್ಕೆ ಖರ್ಚಾದದ್ದು ಒಂದು ಠರಾವಿನ ಕಾಗದ.

ಸೋಮವಾರದ ಇಪ್ಪತ್ತು ನಿಮಿಷ

ಗಿರಣಿ ಶುರುವಾಗುವ ಮೊದಲು, ಗೋಡೆಯ ಮುಂದೆ, ನಿಂತುಕೊಂಡೇ. ಕುರ್ಚಿ ಹಾಕಿದರೆ ಸಭೆ ಉದ್ದವಾಗುತ್ತದೆ. ಆಪರೇಟರ್, ಹಮಾಲರ ಮುಖಂಡ, ಲೆಕ್ಕದವರು, ಒಬ್ಬ ನಿರ್ದೇಶಕರು ಇರಬೇಕು. ಐದು ಅಂಕಿಗಳಲ್ಲಿ ಯಾವುದು ಅಲುಗಿದೆಯೋ ಅದನ್ನು ಮಾತ್ರ ಮಾತಾಡಿ. ಏನಾಯಿತು, ಯಾಕಿರಬಹುದು, ಯಾರು ಯಾವತ್ತಿನೊಳಗೆ ಏನು ಮಾಡಿ ನೋಡುತ್ತಾರೆ. ಕೊನೆಯದನ್ನು ಹೆಸರು, ತಾರೀಖು ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ಮುಂದಿನ ಸೋಮವಾರ ಆ ಸಾಲಿನಿಂದಲೇ ಶುರು ಮಾಡಿ. ಹಮಾಲರನ್ನು ಕರೆಯಲು ಮರೆಯಬೇಡಿ. ಚೀಲ ಎತ್ತುವವರಿಗೆ ಕೈಗೆ ತಾಗಿದಾಗಲೇ ಕಾಳು ಹಸಿ ಇದೆ ಅಂತ ಗೊತ್ತಾಗುತ್ತದೆ, ನಾವು ಅವರನ್ನು ಮೊದಲ ವರ್ಷ ಕೇಳಿಯೇ ಇರಲಿಲ್ಲ.

ಮೂರು ತಿಂಗಳಿಗೊಮ್ಮೆ ಮಂಡಳಿ ಕೂತು ಇನ್ನೊಂದು ಪ್ರಶ್ನೆ ಕೇಳಬೇಕು: ಅಂಕಿ ಚೆನ್ನಾಗಿದೆ, ಆದರೆ ನಾವು ಬರೆದ ವಾಕ್ಯ ಇನ್ನೂ ಸರಿ ಇದೆಯಾ? ಸೋಮವಾರ ಕೆಲಸ ನೋಡುವುದು, ಮೂರು ತಿಂಗಳಿಗೊಮ್ಮೆ ದಾರಿ ನೋಡುವುದು. ಎರಡನ್ನೂ ಒಂದೇ ಸಭೆಯಲ್ಲಿ ಬೆರೆಸಿದರೆ ಕರೆಂಟ್ ಬಿಲ್ಲಿನ ಮಾತಿನಲ್ಲೇ ಹೊತ್ತು ಹೋಗುತ್ತದೆ.

ವರ್ಷಕ್ಕೊಮ್ಮೆ ಗೋಡೆಯಿಂದ ಒಂದು ಅಂಕಿ ತೆಗೆಯಿರಿ. ಹೊಸ ತೊಗರಿ ಡಿಸೆಂಬರ್, ಜನವರಿಯಲ್ಲಿ ಬರುತ್ತದೆ, ಅದಕ್ಕೆ ಮೊದಲು ನವೆಂಬರ್‌ನಲ್ಲಿ ನಾವು ಈ ಕೆಲಸ ಮಾಡುತ್ತೇವೆ. ಕಳೆದ ಸಲ ವಾಪಸ್ ಬಂದ ಚೀಲವನ್ನು ತೆಗೆಯೋಣ, ಬಹಳ ಕಡಿಮೆಯಾಗಿದೆ ಅಂತ ಒಬ್ಬರು ಅಂದರು. ಅದು ಬೇಳೆಯ ಅಂಕಿಗೆ ಜೋಡಿ ಅಂತ ಆಪರೇಟರ್ ಒಪ್ಪಲಿಲ್ಲ. ಕೊನೆಗೆ ದುಡ್ಡಿನ ದಿನವನ್ನು ವಾರದ ಬದಲು ತಿಂಗಳಿಗೊಮ್ಮೆ ನೋಡುವುದು ಅಂತಾಯಿತು, ಅದು ಸ್ಥಿರವಾಗಿ ನಿಂತಿದೆ. ಆ ಜಾಗಕ್ಕೆ ಬಂದದ್ದು ಬೀಜೋಪಚಾರ. ನೆಟೆ ರೋಗ ಬಂದು ಹೊಲದಲ್ಲೇ ಗಿಡ ಒಣಗಿದರೆ ಗಿರಣಿಯ ಯಾವ ಅಂಕಿಯೂ ಉಳಿಯುವುದಿಲ್ಲ. ಅದಕ್ಕೆ ಜೂನ್‌ನಲ್ಲಿ ಬಿತ್ತುವ ಮೊದಲು ಬೀಜಕ್ಕೆ ಟ್ರೈಕೋಡರ್ಮಾ (ಈ ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಚ್ಚಿದ ಸದಸ್ಯರು ನೂರಕ್ಕೆ ಎಷ್ಟು ಅಂತ ಈಗ ಗೋಡೆಯ ಮೇಲಿದೆ. ಚುಕ್ಕಿ ಇಡುವವರು ಆ ಹಿರಿಯರ ಮಗ.